ಟ್ರೇಲರಿಗೆ ತಕ್ಕ ಟ್ರ್ಯಾಕ್ಟರ್: ಎಳೆಯುವ ಶಕ್ತಿಗಿಂತ ನಿಲ್ಲಿಸುವ ಶಕ್ತಿ ಮುಖ್ಯ

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಮತ್ತು ಚಿಂತಾಮಣಿ ಪಟ್ಟಣಗಳನ್ನು ಒಂದೇ ರಸ್ತೆ ಪೋಣಿಸಿದೆ. ಹಿಂದೆ 234 ಎಂಬ ಸಂಖ್ಯೆ ಹೊಂದಿದ್ದ ಈ ರಾಷ್ಟ್ರೀಯ ಹೆದ್ದಾರಿಗೆ ಈಗ 69ನೇ ಸಂಖ್ಯೆ ಬಂದಿದೆ. ಮುಸುಕಿನ ಜೋಳ, ಟೊಮೆಟೊ, ರೇಷ್ಮೆಗೂಡು, ದ್ರಾಕ್ಷಿ, ಹೂವು, ಜಲ್ಲಿ, ಕಲ್ಲು, ಇಟ್ಟಿಗೆ, ಸಿಮೆಂಟ್ ಹೀಗೆ ಈ ಭಾಗದ ವ್ಯಾಪಾರದ ಬಹುಪಾಲು ಸರಕು ಈ ರಸ್ತೆಯ ಮೇಲೆ, ಇಲ್ಲವೇ ಇದಕ್ಕೆ ಬಂದು ಸೇರುವ ಹಳ್ಳಿ ರಸ್ತೆಗಳ ಮೇಲೆ ಸಾಗುತ್ತದೆ. ಹಳ್ಳಿಯಿಂದ ಮಂಡಿಗೆ, ಕ್ವಾರಿಯಿಂದ ಕಟ್ಟಡದ ಜಾಗಕ್ಕೆ, ಗೋದಾಮಿನಿಂದ ಅಂಗಡಿಗೆ ಸರಕು ಮುಟ್ಟಿಸುವಲ್ಲಿ ಟ್ರ್ಯಾಕ್ಟರ್ ಮತ್ತು ಟ್ರೇಲರುಗಳ ಪಾಲು ದೊಡ್ಡದು.

ಹೀಗಿದ್ದರೂ ಟ್ರೇಲರ್ ಎಳೆಯಲು ವಾಹನ ಕೊಳ್ಳುವಾಗ ಬಹುತೇಕ ವರ್ತಕರು ಕೇಳುವ ಮೊದಲ ಪ್ರಶ್ನೆ "ಎಷ್ಟು ಎಚ್.ಪಿ.?" ಎಂಬುದು; ಎರಡನೆಯದು "ಕಂತು ಎಷ್ಟು?" ಎಂಬುದು. ಈ ಎರಡೂ ಕೇಳಬೇಕಾದ ಪ್ರಶ್ನೆಗಳೇ ಹೌದು. ಆದರೆ ಸರಕಿನ ತೂಕವೆಷ್ಟು, ಸಾಗುವ ರಸ್ತೆಯ ಏರಿಳಿತವೆಷ್ಟು, ತುಂಬಿದ ಟ್ರೇಲರನ್ನು ನಿಲ್ಲಿಸುವ ಸಾಮರ್ಥ್ಯ ವಾಹನಕ್ಕಿದೆಯೇ ಎಂಬ ಮೂರು ಪ್ರಶ್ನೆಗಳು ಇವಕ್ಕಿಂತ ಮೊದಲು ಬರಬೇಕು. ಅಶ್ವಶಕ್ತಿ ಕಡಿಮೆಯಾದರೆ ಸರಕು ತಡವಾಗಿ ತಲುಪುತ್ತದೆ, ಅಷ್ಟೆ. ನಿಲ್ಲಿಸುವ ಶಕ್ತಿ ಕಡಿಮೆಯಾದರೆ ಸರಕು, ವಾಹನ ಮತ್ತು ಚಾಲಕನ ಪ್ರಾಣ ಮೂರೂ ಅಪಾಯಕ್ಕೆ ಸಿಲುಕುತ್ತವೆ.

ಗಾತ್ರ ಬೇರೆ, ತೂಕ ಬೇರೆ

ಟ್ರೇಲರನ್ನು ಅಂಚಿನವರೆಗೆ ತುಂಬುವುದು ವಾಡಿಕೆ. ಆದರೆ ಅಂಚಿನವರೆಗೆ ತುಂಬಿದ ಎಲ್ಲ ಸರಕೂ ಒಂದೇ ತೂಕ ಬರುವುದಿಲ್ಲ. ಒಳಗಡೆ 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರವಿರುವ ಟ್ರೇಲರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರ ಗಾತ್ರ 120 ಘನ ಅಡಿ, ಅಂದರೆ ಸುಮಾರು 3.4 ಘನ ಮೀಟರ್. ಇದರಲ್ಲಿ ಬಿಡಿ ಮುಸುಕಿನ ಜೋಳ ತುಂಬಿದರೆ ತೂಕ ಸುಮಾರು ಎರಡೂವರೆ ಟನ್ ಆಗುತ್ತದೆ. ಅದೇ ಟ್ರೇಲರಿಗೆ ಒಣ ಮರಳು ತುಂಬಿದರೆ ತೂಕ ಸುಮಾರು 5.4 ಟನ್ನಿಗೆ ಏರುತ್ತದೆ. ಮರಳು ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ಗ್ರಾನೈಟ್ ಕಲ್ಲಂತೂ ಒಂದು ಘನ ಮೀಟರಿಗೆ ಸುಮಾರು 2.7 ಟನ್ ತೂಗುವುದರಿಂದ ಟ್ರೇಲರಿನ ಅರ್ಧ ತುಂಬುವ ಮೊದಲೇ ಮಿತಿ ಮೀರಬಹುದು.

ಆದ್ದರಿಂದ ವಾಹನ ಆಯ್ಕೆಯ ಮೊದಲ ಹೆಜ್ಜೆ ವೇಬ್ರಿಡ್ಜಿನಲ್ಲಿದೆ, ಷೋರೂಮಿನಲ್ಲಲ್ಲ. ಖಾಲಿ ಟ್ರೇಲರನ್ನು ಒಮ್ಮೆ, ವಾಡಿಕೆಯಂತೆ ಸರಕು ತುಂಬಿದ ಟ್ರೇಲರನ್ನು ಒಮ್ಮೆ ತೂಗಿಸಿ ಬರೆದಿಟ್ಟುಕೊಳ್ಳಬೇಕು. ವರ್ಷದಲ್ಲಿ ಹೊರುವ ಅತಿ ಭಾರದ ಸರಕು ಯಾವುದೋ ಅದರ ತೂಕವೇ ಮುಂದಿನ ಎಲ್ಲ ಲೆಕ್ಕಕ್ಕೂ ಆಧಾರ.

ಏರಿನ ಲೆಕ್ಕ

ಒಂದೂವರೆ ಟನ್ನಿನ ನಾಲ್ಕು ಗಾಲಿಯ ಟ್ರೇಲರಿಗೆ ಐದು ಟನ್ ಸರಕು ತುಂಬಿ, ಎರಡು ಟನ್ ತೂಕದ ಟ್ರ್ಯಾಕ್ಟರಿಗೆ ಜೋಡಿಸಲಾಗಿದೆ ಎಂದುಕೊಳ್ಳೋಣ. ಒಟ್ಟು ತೂಕ ಎಂಟೂವರೆ ಟನ್. ಪ್ರತಿ 20 ಮೀಟರಿಗೆ 1 ಮೀಟರಿನಷ್ಟು ಏರುವ ಡಾಂಬರು ರಸ್ತೆಯಲ್ಲಿ ಈ ಜೋಡಿಯನ್ನು ಎಳೆಯಲು, ಏರಿಗಾಗಿ ಸುಮಾರು 425 ಕಿಲೋ ಮತ್ತು ಗಾಲಿಗಳ ಉರುಳುವಿಕೆಯ ತಡೆಗಾಗಿ ಸುಮಾರು 170 ಕಿಲೋ, ಒಟ್ಟು ಸುಮಾರು 595 ಕಿಲೋ ಎಳೆತ ಬೇಕಾಗುತ್ತದೆ.

ಗಂಟೆಗೆ 15 ಕಿ.ಮೀ. ವೇಗದಲ್ಲಿ ಇಷ್ಟು ಎಳೆತ ನೀಡಲು ಗಾಲಿಯ ಬಳಿ 33 ಅಶ್ವಶಕ್ತಿ ಸಿಗಬೇಕು. ಗೇರುಗಳಲ್ಲಿ ಮತ್ತು ಟೈರುಗಳಲ್ಲಿ ಆಗುವ ನಷ್ಟವನ್ನು ಶೇ. 20 ಎಂದು ಹಿಡಿದರೆ ಎಂಜಿನ್ ಸುಮಾರು 41 ಅಶ್ವಶಕ್ತಿ ಕೊಡಬೇಕು. 45 ಅಶ್ವಶಕ್ತಿಯ ಟ್ರ್ಯಾಕ್ಟರ್ ಈ ಕೆಲಸಕ್ಕೆ ಸಾಕು. 35 ಅಶ್ವಶಕ್ತಿಯದೂ ಇದೇ ಏರನ್ನು ಹತ್ತುತ್ತದೆ. ವೇಗ ಮಾತ್ರ ಗಂಟೆಗೆ 12-13 ಕಿ.ಮೀ.ಗೆ ಇಳಿಯುತ್ತದೆ. ಹತ್ತು ಅಶ್ವಶಕ್ತಿಗಾಗಿ ಕೊಡುವ ಹೆಚ್ಚಿನ ಹಣ ಇಲ್ಲಿ ಕೊಂಡು ತರುವುದು ಗಂಟೆಗೆ ಎರಡು ಮೂರು ಕಿ.ಮೀ. ವೇಗವನ್ನು.

ಎಂಜಿನ್ ಎಷ್ಟೇ ಬಲಶಾಲಿಯಾಗಿದ್ದರೂ ಆ ಬಲ ನೆಲಕ್ಕೆ ಮುಟ್ಟುವುದು ಹಿಂದಿನ ಟೈರುಗಳ ಹಿಡಿತದ ಮೂಲಕ. ಎರಡು ಟನ್ನಿನ ಟ್ರ್ಯಾಕ್ಟರಿನಲ್ಲಿ ಹಿಂದಿನ ಗಾಲಿಗಳ ಮೇಲೆ ಸುಮಾರು 1.3 ಟನ್ ಭಾರ ಕೂರುತ್ತದೆ. ಒಣ ಡಾಂಬರಿನಲ್ಲಿ ಆ ಭಾರದ ಶೇ. 70ರಷ್ಟು, ಅಂದರೆ ಸುಮಾರು 900 ಕಿಲೋ ಹಿಡಿತ ಸಿಗುತ್ತದೆ. ಮಳೆ ಬಿದ್ದು ಕೆಸರು ಮೆತ್ತಿದ ರಸ್ತೆಯಲ್ಲಿ ಅದು ಶೇ. 40ಕ್ಕೆ, ಅಂದರೆ 520 ಕಿಲೋಗೆ ಕುಸಿಯಬಹುದು. ಬೇಕಾದ ಎಳೆತ 595 ಕಿಲೋ. ಸಿಗುವ ಹಿಡಿತ 520 ಕಿಲೋ. ಆಗ ಗಾಲಿ ತಿರುಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. 60 ಅಶ್ವಶಕ್ತಿಯ ಎಂಜಿನ್ ಇದ್ದರೂ ಫಲ ಅದೇ. ಇದಕ್ಕೆ ಪರಿಹಾರವಿರುವುದು ಟ್ರ್ಯಾಕ್ಟರಿನ ತೂಕದಲ್ಲಿ, ಹಿಂದಿನ ಗಾಲಿಗೆ ಕಟ್ಟುವ ಕಬ್ಬಿಣದ ತೂಕಗಳಲ್ಲಿ, ಒಳ್ಳೆಯ ಟೈರುಗಳಲ್ಲಿ, ಇಲ್ಲವೇ ನಾಲ್ಕೂ ಗಾಲಿಗೆ ಚಾಲನೆ ಇರುವ ಮಾದರಿಯಲ್ಲಿ. ಮಣ್ಣು ರಸ್ತೆಯಲ್ಲಿ ಉರುಳುವಿಕೆಯ ತಡೆ ಡಾಂಬರಿನ ನಾಲ್ಕು ಪಟ್ಟಾಗಬಹುದಾದ್ದರಿಂದ, ಹೊಲ ಮತ್ತು ಕ್ವಾರಿಗಳಿಂದ ಸರಕು ಎತ್ತುವವರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ.

ಅಶ್ವಶಕ್ತಿಯ ವಿಷಯದಲ್ಲಿ ಇನ್ನೊಂದು ಅಂಶವೂ ಗಮನಾರ್ಹ. 2023ರ ಜನವರಿ 1ರಿಂದ 50 ಅಶ್ವಶಕ್ತಿಗೂ ಮೀರಿದ ಟ್ರ್ಯಾಕ್ಟರುಗಳಿಗೆ ಹೊಗೆ ನಿಯಂತ್ರಣದ ಕಠಿಣ ಮಾನದಂಡ ಜಾರಿಗೆ ಬಂದಿದ್ದು, ಅವುಗಳ ಎಂಜಿನ್ ವ್ಯವಸ್ಥೆ ಹೆಚ್ಚು ಸಂಕೀರ್ಣವೂ ದುಬಾರಿಯೂ ಆಗಿದೆ. 50ರ ಗಡಿ ದಾಟುವ ಮುನ್ನ ಆ ಶಕ್ತಿ ನಿಜಕ್ಕೂ ಬೇಕೇ ಎಂದು ಲೆಕ್ಕ ಹಾಕುವುದು ಜಾಣತನ.

ಇಳಿಜಾರಿನ ಲೆಕ್ಕ

ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ, ಬೆಟ್ಟಸಾಲಿನ ಆಚೆಗಿರುವ ಗೌರಿಬಿದನೂರು ಸುಮಾರು 700 ಮೀಟರ್ ಎತ್ತರದಲ್ಲಿದೆ. ಚಿಕ್ಕಬಳ್ಳಾಪುರದಿಂದ ಅಲ್ಲಿಗೆ ಸರಕು ಒಯ್ಯುವ ಪ್ರತಿ ವಾಹನವೂ ಈ 200 ಮೀಟರನ್ನು ಎಲ್ಲಾದರೂ ಒಂದೆಡೆ ಇಳಿಯಲೇಬೇಕು. ವಾಹನದ ನಿಜವಾದ ಪರೀಕ್ಷೆ ನಡೆಯುವುದು ಇಂಥ ಇಳಿಜಾರಿನಲ್ಲಿ.

ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ನಮ್ಮ ಕಡೆ ಓಡಾಡುವ ಟ್ರೇಲರುಗಳಲ್ಲಿ ಹೆಚ್ಚಿನವಕ್ಕೆ ಬ್ರೇಕೇ ಇಲ್ಲ. ಅಂದರೆ ಎಂಟೂವರೆ ಟನ್ ತೂಕವನ್ನು 1.3 ಟನ್ ಭಾರ ಹೊತ್ತ ಎರಡು ಟೈರುಗಳೇ ನಿಲ್ಲಿಸಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದ ಮೇಲೆ ವಾಹನ ಎಷ್ಟು ದೂರ ಓಡುತ್ತದೆ ಎಂಬುದರ ಅಂದಾಜು ಹೀಗಿದೆ:

ಟ್ರೇಲರ್ ಇಲ್ಲದ ಟ್ರ್ಯಾಕ್ಟರ್, ಒಣ ಸಮತಟ್ಟು ರಸ್ತೆ: ಸುಮಾರು 5 ಮೀಟರ್.
ತುಂಬಿದ ಟ್ರೇಲರ್ ಸಹಿತ, ಒಣ ಸಮತಟ್ಟು ರಸ್ತೆ: ಸುಮಾರು 20 ಮೀಟರ್.
ತುಂಬಿದ ಟ್ರೇಲರ್ ಸಹಿತ, 20ಕ್ಕೆ 1ರ ಒಣ ಇಳಿಜಾರು: ಸುಮಾರು 32 ಮೀಟರ್.
ತುಂಬಿದ ಟ್ರೇಲರ್ ಸಹಿತ, ಅದೇ ಇಳಿಜಾರು ಒದ್ದೆಯಾಗಿದ್ದಾಗ: ಸುಮಾರು 80 ಮೀಟರ್.

ಚಾಲಕ ಅಪಾಯವನ್ನು ಕಂಡು ಪೆಡಲ್ ಒತ್ತುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿಗೆ ಇನ್ನೂ 7 ಮೀಟರ್ ಸೇರಿಸಿಕೊಳ್ಳಬೇಕು. ಸರಕು ಐದರ ಬದಲು ಏಳು ಟನ್ನಾದರೆ, ಒದ್ದೆ ಇಳಿಜಾರಿನಲ್ಲಿ ವಾಹನ ನಿಲ್ಲುವ ಭರವಸೆಯೇ ಉಳಿಯುವುದಿಲ್ಲ. ಇದಕ್ಕೆ ಪ್ರತಿಯಾಗಿ ಟ್ರೇಲರಿಗೂ ಬ್ರೇಕ್ ಅಳವಡಿಸಿ, ಆ ಬ್ರೇಕ್ ಟ್ರೇಲರಿನ ತೂಕದ ಶೇ. 30ರಷ್ಟು ಬಲವನ್ನು ಕೊಟ್ಟರೂ ಸಾಕು, ಅದೇ ಒದ್ದೆ ಇಳಿಜಾರಿನಲ್ಲಿ 80 ಮೀಟರ್ ಸುಮಾರು 10 ಮೀಟರಿಗೆ ಇಳಿಯುತ್ತದೆ. ಹೆಚ್ಚುವರಿ ಅಶ್ವಶಕ್ತಿಗೆ ಸುರಿಯುವ ಹಣದ ಒಂದು ಪಾಲನ್ನು ಟ್ರೇಲರಿನ ಬ್ರೇಕಿಗೆ ತೆಗೆದಿಡುವುದು ಏಕೆ ಲಾಭಕರ ಎಂಬುದಕ್ಕೆ ಇಷ್ಟು ಲೆಕ್ಕ ಸಾಕು.

ಚಾಲಕನಿಗೆ ತಿಳಿಹೇಳಬೇಕಾದ ಎರಡು ಸಂಗತಿಗಳೂ ಇವೆ. ಹೊಲದಲ್ಲಿ ಚಿಕ್ಕ ತಿರುವು ತೆಗೆದುಕೊಳ್ಳಲೆಂದು ಟ್ರ್ಯಾಕ್ಟರಿನ ಎಡ ಮತ್ತು ಬಲ ಬ್ರೇಕ್ ಪೆಡಲುಗಳನ್ನು ಬೇರ್ಪಡಿಸಲಾಗಿರುತ್ತದೆ. ರಸ್ತೆಗೆ ಬರುವ ಮುನ್ನ ಅವೆರಡನ್ನೂ ಚಿಲಕದಿಂದ ಕಡ್ಡಾಯವಾಗಿ ಜೋಡಿಸಬೇಕು. ಇಲ್ಲವಾದರೆ ಒಂದೇ ಬದಿಗೆ ಬ್ರೇಕ್ ಬಿದ್ದು ಟ್ರ್ಯಾಕ್ಟರ್ ಮಗುಚುತ್ತದೆ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಅಭ್ಯಾಸವೂ ಪ್ರಾಣಾಂತಿಕ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತು ಇಂದಿಗೂ ಸರಿಯಾದುದೇ.

ಎರಡು ಗಾಲಿಯೋ, ನಾಲ್ಕು ಗಾಲಿಯೋ?

ನಾಲ್ಕು ಗಾಲಿಯ ಟ್ರೇಲರ್ ತನ್ನ ಭಾರವನ್ನು ತಾನೇ ಹೊರುತ್ತದೆ. ಎರಡು ಗಾಲಿಯದು ಭಾರದ ಒಂದು ಪಾಲನ್ನು ಕೊಂಡಿಯ ಮೂಲಕ ಟ್ರ್ಯಾಕ್ಟರಿನ ಹಿಂಭಾಗಕ್ಕೆ ದಾಟಿಸುತ್ತದೆ. ಇದರಿಂದ ಹಿಂದಿನ ಟೈರುಗಳ ಹಿಡಿತ ಹೆಚ್ಚುತ್ತದೆ ಎಂಬುದು ಲಾಭ. ಆದರೆ ಸರಕನ್ನು ತೀರ ಮುಂದಕ್ಕೆ ಒಟ್ಟಿದರೆ ಟ್ರ್ಯಾಕ್ಟರಿನ ಮುಂಗಾಲಿ ಹಗುರವಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ತೀರ ಹಿಂದಕ್ಕೆ ಒಟ್ಟಿದರೆ ಕೊಂಡಿಯೇ ಮೇಲಕ್ಕೆ ಎತ್ತಿಕೊಂಡು ಟ್ರೇಲರ್ ಓಲಾಡತೊಡಗುತ್ತದೆ. ಸರಕಿನ ಭಾರ ಗಾಲಿಯ ಅಚ್ಚಿಗಿಂತ ಸ್ವಲ್ಪವೇ ಮುಂದಿರಬೇಕು. ಟ್ರ್ಯಾಕ್ಟರಿನ ಒಟ್ಟು ತೂಕದ ಐದರಲ್ಲಿ ಒಂದು ಪಾಲಾದರೂ ಸದಾ ಮುಂಗಾಲಿಗಳ ಮೇಲಿರಬೇಕೆಂಬುದು ಒಪ್ಪಿತವಾದ ನಿಯಮ.

ಕೊಂಡಿಯನ್ನು ಯಾವಾಗಲೂ ತಯಾರಕರು ಗೊತ್ತುಪಡಿಸಿದ ಕೆಳಮಟ್ಟದ ಜಾಗದಲ್ಲೇ ಹಾಕಬೇಕು. ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಕೊಂಡಿ ಹಾಕಿ ಎಳೆದರೆ ಟ್ರ್ಯಾಕ್ಟರ್ ಮುಂಗಾಲೆತ್ತಿ ಚಾಲಕನ ಮೇಲೆಯೇ ಮಗುಚಬಹುದು. ಪಿನ್ನಿಗೆ ಬೀಗದ ಕಡ್ಡಿ, ಪಿನ್ ತಪ್ಪಿದರೂ ಟ್ರೇಲರ್ ಓಡಿಹೋಗದಂತೆ ತಡೆಯುವ ಸರಪಳಿ, ಹಿಂದೆ ಕೆಂಪು ದೀಪ ಮತ್ತು ಪ್ರತಿಫಲಕ ಪಟ್ಟಿ ಇವು ಇರಲೇಬೇಕಾದವು. ಟ್ರೇಲರ್ ತಯಾರಿಸುವ ಸ್ಥಳೀಯ ಕಾರ್ಖಾನೆಗಳ ಮಾಲೀಕರು ಬ್ರೇಕ್, ಸರಪಳಿ ಮತ್ತು ದೀಪಗಳನ್ನು ಬೇಡಿಕೆ ಬಂದಾಗ ಮಾತ್ರ ಸೇರಿಸದೆ, ಪ್ರತಿ ಟ್ರೇಲರಿನ ಭಾಗವಾಗಿಯೇ ಕೊಟ್ಟರೆ ಅವರ ಸರಕಿಗೆ ಹೆಸರೂ ಬರುತ್ತದೆ.

ಸರಕಿಗೆ ತಕ್ಕ ಗಾಡಿ

ಒಂದೇ ವಾಹನ ಎಲ್ಲ ಸರಕಿಗೂ ಹೊಂದುವುದಿಲ್ಲ. ಗೌರಿಬಿದನೂರಿನ ಮುಸುಕಿನ ಜೋಳ ಟ್ರ್ಯಾಕ್ಟರ್ ಟ್ರೇಲರಿಗೆ ಹೇಳಿ ಮಾಡಿಸಿದ ಸರಕು. ಅಲುಗಾಡಿದರೆ ಕೆಡುವುದಿಲ್ಲ, ಗಂಟೆ ತಡವಾದರೆ ನಷ್ಟವಿಲ್ಲ, ಹೊಲದ ಬದುವಿನವರೆಗೂ ಗಾಡಿ ಹೋಗಬೇಕು. ಆದರೆ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಂದ ಬೆಂಗಳೂರಿಗೆ ಸಿದ್ಧ ಸರಕು ಕಳುಹಿಸಲು ಟ್ರ್ಯಾಕ್ಟರ್ ತಕ್ಕದ್ದಲ್ಲ. ಆ ದೂರಕ್ಕೆ ಲಾರಿಯೇ ಸರಿ.

ಚಿಂತಾಮಣಿಯ ಟೊಮೆಟೊ ವ್ಯಾಪಾರದಲ್ಲಿ ಕ್ರೇಟ್ ಒಂದಕ್ಕೆ ಸುಮಾರು 15 ಕಿಲೋ ಹಣ್ಣು ಹಿಡಿಯುತ್ತದೆ; 200 ಕ್ರೇಟಿಗೆ ಮೂರು ಟನ್ ಹಣ್ಣು. ತೂಕ ಮಿತಿಯಲ್ಲಿದ್ದರೂ, ಸ್ಪ್ರಿಂಗ್ ಇಲ್ಲದ ಟ್ರೇಲರಿನ ಕುಲುಕಾಟಕ್ಕೆ ತಳದ ಕ್ರೇಟುಗಳ ಹಣ್ಣು ಜಜ್ಜಿಹೋಗುತ್ತದೆ. ಹೊಲದಿಂದ ಡಾಂಬರು ರಸ್ತೆಯವರೆಗೆ ಟ್ರ್ಯಾಕ್ಟರ್, ಅಲ್ಲಿಂದ ಮುಂದೆ ಪಿಕಪ್ ಅಥವಾ ಲಘು ಲಾರಿ ಎಂಬ ಹಂಚಿಕೆ ಇಲ್ಲಿ ಹೆಚ್ಚು ಹೊಂದುತ್ತದೆ.

ಶಿಡ್ಲಘಟ್ಟಕ್ಕೆ ಬರುವ ರೇಷ್ಮೆಗೂಡಿನ ಸ್ವಭಾವ ಇವೆರಡಕ್ಕಿಂತಲೂ ಭಿನ್ನ. ಗೂಡು ಹಗುರ, ಜಾಗ ಹೆಚ್ಚು ಬೇಡುತ್ತದೆ, ಒಳಗೆ ಜೀವಂತ ಕೋಶವಿರುತ್ತದೆ. ಒತ್ತಿ ತುಂಬಿದರೆ ಅದರ ಉಸಿರಾಟದಿಂದಲೇ ಬಿಸಿಯೂ ತೇವವೂ ಏರುತ್ತವೆ. ಕುಲುಕಾಟಕ್ಕೆ ಕೋಶ ಒಡೆದರೆ ಗೂಡಿಗೆ ಒಳಗಿನಿಂದ ಕಲೆ ಹಿಡಿದು ಹರಾಜಿನಲ್ಲಿ ದರ ಬೀಳುತ್ತದೆ. ಇಲ್ಲಿ ಎಳೆಯುವ ಶಕ್ತಿಯ ಮಾತೇ ಬರುವುದಿಲ್ಲ. ಗಾಳಿಯಾಡುವ ಮೈಯುಳ್ಳ ಸಣ್ಣ ಸರಕು ವಾಹನ, ಸಡಿಲವಾಗಿ ತುಂಬಿದ ಚೀಲ, ತಂಪು ಹೊತ್ತಿನ ಪ್ರಯಾಣ ಇವು ಸಾಕು. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಗಳಿಗೆ ಮೋಟಾರು ವಾಹನ ಕಾಯಿದೆಯ 66ನೇ ಕಲಮಿನ ಅಡಿಯ ಪರ್ಮಿಟ್ ಬೇಕಿಲ್ಲ ಎಂಬುದೂ ಸಣ್ಣ ವ್ಯಾಪಾರಿಗೆ ಅನುಕೂಲ.

ಚಿಕ್ಕಬಳ್ಳಾಪುರದ ಹೂವು ಮತ್ತು ದ್ರಾಕ್ಷಿಗೂ ಇದೇ ಬಗೆಯ ವಾಹನ ಹೊಂದುತ್ತದೆ. ಜಲ್ಲಿ, ಕಲ್ಲುಗಳಿಗೆ ಮಾತ್ರ ಭಾರದ ಟ್ರ್ಯಾಕ್ಟರ್, ಬ್ರೇಕುಳ್ಳ ಟ್ರೇಲರ್ ಮತ್ತು ತೂಕದ ಶಿಸ್ತು ಮೂರೂ ಬೇಕು.

ಜೀವಂತ ಸರಕು

ನಂದಿಯ ದನಗಳ ಜಾತ್ರೆಯ ದಿನಗಳಲ್ಲಿ ಎತ್ತು, ಹಸುಗಳನ್ನು ಟ್ರೇಲರಿನಲ್ಲಿ ಸಾಗಿಸುವ ಆಲೋಚನೆ ಹಲವರಿಗೆ ಬರುವುದುಂಟು. ಪ್ರಾಣಿ ತಾನಾಗಿ ಜಾಗ ಬದಲಿಸುವ ಸರಕು. ಅದರ ಭಾರ ಎತ್ತರದಲ್ಲಿರುತ್ತದೆ. ತಿರುವಿನಲ್ಲಿ ಎಲ್ಲವೂ ಒಂದೇ ಬದಿಗೆ ವಾಲಿದರೆ ಟ್ರೇಲರೂ ವಾಲುತ್ತದೆ. ಹೊರದೇಶಗಳಲ್ಲಿ ಕುದುರೆಯನ್ನು ಟ್ರೇಲರಿನಲ್ಲಿ ಕಾರು ಅಥವಾ ಜೀಪಿನ ಹಿಂದೆ ಒಯ್ಯುವುದು ಸಾಮಾನ್ಯ. ಬ್ರಿಟನ್ನಿನಲ್ಲಿ ಹೊಸಬರಿಗೆ ನೀಡುವ ಸಲಹೆಯೆಂದರೆ, ತುಂಬಿದ ಟ್ರೇಲರಿನ ತೂಕ ಎಳೆಯುವ ವಾಹನದ ತೂಕದ ಶೇ. 85ನ್ನು ಮೀರಬಾರದು ಎಂಬುದು. ಮೇಲಿನ ಉದಾಹರಣೆಯ ಟ್ರ್ಯಾಕ್ಟರ್ ತನ್ನ ತೂಕದ ಮೂರು ಪಟ್ಟಿಗೂ ಹೆಚ್ಚು ಎಳೆಯುತ್ತಿದೆ ಎಂಬುದನ್ನು ಇದರೊಂದಿಗೆ ಹೋಲಿಸಿ ನೋಡಬಹುದು. ಯಾವುದೇ ಜೀಪು ಅಥವಾ ಪಿಕಪ್‌ಗೆ ಟ್ರೇಲರ್ ಕಟ್ಟುವ ಮುನ್ನ ತಯಾರಕರ ಪುಸ್ತಕದಲ್ಲಿ ಎಳೆಯಬಹುದಾದ ತೂಕ ನಮೂದಾಗಿದೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಕಟ್ಟಬಾರದು.

ನಮ್ಮಲ್ಲಿ 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಒಂದು ಸರಕು ವಾಹನದಲ್ಲಿ ಆರಕ್ಕಿಂತ ಹೆಚ್ಚು ದನಗಳನ್ನು ಸಾಗಿಸುವಂತಿಲ್ಲ. ಕುದುರೆಗಳಾದರೆ ನಾಲ್ಕರಿಂದ ಆರು, ವೇಗ ಗಂಟೆಗೆ 35 ಕಿ.ಮೀ. ಮೀರಬಾರದು. ಜಾರದ ನೆಲಹಾಸು, ಜೊತೆಗೊಬ್ಬ ಪರಿಚಾರಕ, ಪಶುವೈದ್ಯರ ಪ್ರಮಾಣಪತ್ರ ಅಗತ್ಯ. 2016ರ ಜನವರಿ 1ರಿಂದ ಜಾರಿಗೆ ಬಂದ ಮೋಟಾರು ವಾಹನ ನಿಯಮದಂತೆ ಪ್ರತಿ ಹಸು ಅಥವಾ ಎಮ್ಮೆಗೆ 2 ಚದರ ಮೀಟರ್, ಕುದುರೆಗೆ 2.25 ಚದರ ಮೀಟರ್ ವಿಸ್ತೀರ್ಣದ ಸ್ಥಿರ ವಿಭಾಗವಿರಬೇಕು. 10 ಅಡಿಗೆ 6 ಅಡಿಯ ಟ್ರೇಲರಿನ ವಿಸ್ತೀರ್ಣ ಸುಮಾರು 5.6 ಚದರ ಮೀಟರ್. ಈ ಅಳತೆಯಲ್ಲಿ ಎರಡು ರಾಸುಗಳಿಗೆ ಮಾತ್ರ ಜಾಗ. ಆದ್ದರಿಂದ ಈ ಕೆಲಸಕ್ಕೆ ವಿಭಾಗಗಳನ್ನು ಅಳವಡಿಸಿದ ಲಾರಿಯೇ ತಕ್ಕ ವಾಹನ.

ಕಾಗದಪತ್ರಗಳ ಭಾರ

ನಿಯಮದ ಪ್ರಕಾರ ಕೃಷಿ ಟ್ರ್ಯಾಕ್ಟರ್ ಸಾರಿಗೆಯೇತರ ವಾಹನ. ಬಾಡಿಗೆಗೆ ಇಟ್ಟಿಗೆ, ಜಲ್ಲಿ, ಸಿಮೆಂಟ್ ಹೊರಲು ಅದನ್ನು ಬಳಸಿದರೆ ನೋಂದಣಿ, ತೆರಿಗೆ, ಅರ್ಹತಾ ಪತ್ರ ಮತ್ತು ವಿಮೆಯ ಪ್ರಶ್ನೆಗಳು ಏಳುತ್ತವೆ. ಕೃಷಿ ಬಳಕೆಗೆಂದು ಪಡೆದ ವಿಮೆ ವಾಣಿಜ್ಯ ಸಾಗಣೆಯ ಅಪಘಾತದಲ್ಲಿ ಕೈಕೊಡಬಹುದು. ಆಗ ಪರಿಹಾರದ ಹೊರೆ ಮಾಲೀಕನ ಆಸ್ತಿಯ ಮೇಲೆ ಬೀಳುತ್ತದೆ. ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು, ಅದರ ಸಂಖ್ಯೆ ವಿಮಾಪತ್ರದಲ್ಲಿ ನಮೂದಾಗಿರಬೇಕು. ಮಡ್‌ಗಾರ್ಡಿನ ಮೇಲೆ ಅಥವಾ ಸರಕಿನ ಮೇಲೆ ಕೂಲಿಕಾರರನ್ನು ಕೂರಿಸುವುದು ಅಪಾಯವೂ ಹೌದು, ವಿಮೆಯ ತಕರಾರಿಗೆ ದಾರಿಯೂ ಹೌದು.

ಚಾಲನಾ ಪರವಾನಗಿಯ ಗೊಂದಲ ಮಾತ್ರ ಬಹುಮಟ್ಟಿಗೆ ನೀಗಿದೆ. ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಟ್ರ್ಯಾಕ್ಟರ್ ಚಾಲಕನ ಪರವಾನಗಿ ನಿಷ್ಪ್ರಯೋಜಕವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ತೀರ್ಪಿತ್ತಿದೆ. 7,500 ಕಿಲೋ ಮಿತಿಯೊಳಗಿನ ಸಾರಿಗೆ ವಾಹನಗಳಿಗೆ ಲಘು ಮೋಟಾರು ವಾಹನದ ಪರವಾನಗಿ ಸಾಕೆಂಬುದನ್ನು 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಎತ್ತಿಹಿಡಿದಿದೆ. ಹೆಚ್ಚು ಭಾರದ ವಿಷಯದಲ್ಲಿ ಕಾನೂನು ಕಠಿಣವಾಗಿದೆ: 2019ರ ತಿದ್ದುಪಡಿಯಂತೆ 194ನೇ ಕಲಮಿನ ಅಡಿ 20,000 ರೂ. ದಂಡ, ಮಿತಿ ಮೀರಿದ ಪ್ರತಿ ಟನ್ನಿಗೆ ಇನ್ನೂ 2,000 ರೂ. ಎರಡು ಟನ್ ಹೆಚ್ಚು ಹೊತ್ತರೆ ದಂಡ 24,000 ರೂ. ಆಗುತ್ತದೆ. ಒಂದು ಸುತ್ತಿನ ಬಾಡಿಗೆ ಉಳಿಸಲು ಹೊರಿಸಿದ ಭಾರ ಹಲವು ಸುತ್ತುಗಳ ಗಳಿಕೆಯನ್ನು ನುಂಗಬಹುದು.

ಕೊಳ್ಳುವ ಮುನ್ನ

1. ಅತಿ ಭಾರದ ಸರಕು ತುಂಬಿದ ಟ್ರೇಲರನ್ನು ತೂಗಿಸಿ, ನೋಂದಣಿ ಪತ್ರದ ಮಿತಿಯೊಂದಿಗೆ ಹೋಲಿಸುವುದು.
2. ಸಾಗುವ ಹಾದಿಯ ಅತಿ ಕಡಿದಾದ ಇಳಿಜಾರು ಮತ್ತು ಮಣ್ಣು ರಸ್ತೆಯ ದೂರವನ್ನು ಗುರುತಿಸುವುದು.
3. ಟ್ರ್ಯಾಕ್ಟರಿನ ಅಶ್ವಶಕ್ತಿಗೆ ಮುನ್ನ ಅದರ ತೂಕ, ಬ್ರೇಕಿನ ಬಗೆ ಮತ್ತು ತಯಾರಕರು ಹೇಳಿರುವ ಎಳೆತದ ಮಿತಿಯನ್ನು ವಿಚಾರಿಸುವುದು.
4. ಟ್ರೇಲರಿಗೆ ಬ್ರೇಕ್, ಸರಪಳಿ, ದೀಪ, ಪ್ರತಿಫಲಕಗಳ ವೆಚ್ಚವನ್ನು ಮೊದಲ ಬಂಡವಾಳದಲ್ಲೇ ಸೇರಿಸುವುದು.
5. ತುಂಬಿದ ಟ್ರೇಲರಿನೊಂದಿಗೆ ತನ್ನದೇ ಹಾದಿಯಲ್ಲಿ ಪರೀಕ್ಷಾ ಓಟಕ್ಕೆ ಒತ್ತಾಯಿಸುವುದು. ಷೋರೂಮಿನ ಮುಂದಿನ ಸಮತಟ್ಟು ರಸ್ತೆಯ ಓಟ ಏನನ್ನೂ ತಿಳಿಸುವುದಿಲ್ಲ.
6. ಬಳಕೆ ಕೃಷಿಯದೋ ವಾಣಿಜ್ಯದ್ದೋ ಎಂಬುದನ್ನು ಪ್ರಾಮಾಣಿಕವಾಗಿ ತೀರ್ಮಾನಿಸಿ, ಅದಕ್ಕೆ ತಕ್ಕ ನೋಂದಣಿ ಮತ್ತು ವಿಮೆ ಪಡೆಯುವುದು.

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಈ ಉಳಿತಾಯವನ್ನು ಇನ್ನೂ ಐದು ಅಶ್ವಶಕ್ತಿಗೆ ಸುರಿಯುವುದಕ್ಕಿಂತ, ಟ್ರೇಲರಿನ ಬ್ರೇಕಿಗೆ ಮತ್ತು ಒಳ್ಳೆಯ ಟೈರಿಗೆ ವಿನಿಯೋಗಿಸುವ ವರ್ತಕನ ಸರಕು ಮಳೆಗಾಲದ ಇಳಿಜಾರಿನಲ್ಲೂ ಸುರಕ್ಷಿತವಾಗಿ ಮಂಡಿ ಸೇರುತ್ತದೆ.